ತನ್ನ ಮೇಲೆ ತನಗೆ ದಯೆ

‘ಆತ್ಮ’ ಎಂಬ ಪದದಿಂದ ಮೊದಲಾಗುವ ಸಮಾಸಗಳು ನಮ್ಮ ಭಾಷೆಯಲ್ಲಿ ಎಷ್ಟೋ ಇವೆ. ಆತ್ಮಸ್ತುತಿ ಇದೆ, ಆತ್ಮನಿಂದೆ ಇದೆ. ಆತ್ಮಾಭಿಮಾನ, ಆತ್ಮವಂಚನೆ, ಆತ್ಮಸಂಯಮ, ಆತ್ಮಶೋಧನೆಗಳಿವೆ. ನುಡಿಯಲು ನಾಲಿಗೆ ಹಿಂಜರಿಯುವ ಆತ್ಮಹತ್ಯೆಯೂ ಇದೆ. ಆದರೆ ಮನುಷ್ಯನು ತನ್ನ ನೋವನ್ನು ಕಂಡು ತಾನೇ ಮರುಗಿ, ತನ್ನನ್ನು ತಾನೇ ಸಂತೈಸಿಕೊಳ್ಳುವ ಕ್ರಿಯೆಗೆ ದಿನಬಳಕೆಯಲ್ಲಿ ಒಂದು ಹೆಸರಿಲ್ಲ. ‘ಆತ್ಮಮರುಕ’ ಎಂದರೆ ಕೇಳುವವರಿಗೆ ಅದು ಅಳುಮುಂಜಿತನವೆಂದೇ ತೋರುತ್ತದೆ. ‘ಆತ್ಮಕರುಣೆ’ ಎಂದರೆ ಯಾವುದೋ ಅನುವಾದದ ಪುಸ್ತಕದಿಂದ ಎದ್ದು ಬಂದ ಪದದಂತೆ ಕೇಳಿಸುತ್ತದೆ. ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂದು ಮಕ್ಕಳಿಗೆ ಕಲಿಸುವ ನಾವು, ಆ ಸಕಲ ಪ್ರಾಣಿಗಳ ಪಟ್ಟಿಯಲ್ಲಿ ನಮ್ಮ ಹೆಸರನ್ನು ಬರೆದುಕೊಳ್ಳುವುದನ್ನು ಮರೆತಿದ್ದೇವೆ.

ಎದುರುಮನೆಯ ಹುಡುಗ ಓಡುತ್ತ ಬಂದು ಹೊಸ್ತಿಲು ಎಡವಿ ಬಿದ್ದನೆನ್ನಿ. ನಾವು ಏನು ಮಾಡುತ್ತೇವೆ? ಎತ್ತಿ ಕೂರಿಸಿ, ಮೊಣಕಾಲು ಒರೆಸಿ, “ಏನೂ ಆಗಿಲ್ಲ ಮರಿ” ಎನ್ನುತ್ತ ಹೊಸ್ತಿಲಿಗೆ ಎರಡು ಏಟು ಕೊಟ್ಟು ಅವನನ್ನು ನಗಿಸುತ್ತೇವೆ. ಅದೇ ಹೊಸ್ತಿಲನ್ನು ನಾವು ಎಡವಿದರೆ? “ಕಣ್ಣು ಎಲ್ಲಿಟ್ಟಿದ್ದೆ, ದಡ್ಡ!” ಎಂದು ಒಳಗಿನಿಂದ ಯಾರೋ ಗದರುತ್ತಾರೆ. ಮೊಣಕಾಲಿನ ಪೆಟ್ಟಾದರೆ ಈ ಗದರಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ಬದುಕನ್ನೇ ಅಲುಗಿಸಿದ ಪೆಟ್ಟು ಬಿದ್ದಾಗಲೂ ಅದೇ ದನಿ ವರ್ಷಗಟ್ಟಲೆ ಗದರುತ್ತಿದ್ದರೆ ಮನುಷ್ಯನ ಗತಿ ಏನು? ಈ ಪ್ರಶ್ನೆ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತಾದ್ದರಿಂದ ಈ ಬರಹಕ್ಕೆ ಕಾರಣವಾಯಿತು.

ನನಗೊಬ್ಬ ತಮ್ಮನಿದ್ದಾನೆ. ನನಗಿಂತ ನಾಲ್ಕು ವರ್ಷ ಚಿಕ್ಕವನು. ನೆದರ್‌ಲೆಂಡ್ಸ್ ದೇಶದ ಐಂಡ್‌ಹೋವನ್ ಎಂಬ ಊರಿನಲ್ಲಿ ಎಂಜಿನಿಯರ್. 2013ರಲ್ಲಿ, ಅವನು ಶಿವಮೊಗ್ಗದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗ, ಗೆಳೆಯನೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಗುಂಬೆಯ ಸೂರ್ಯಾಸ್ತ ನೋಡಲು ಹೋಗಿದ್ದ. ಹಿಂದಿರುಗುವಾಗ ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ತನ್ನ ಬದಿ ಬಿಟ್ಟು ಇವರ ಬದಿಗೆ ನುಗ್ಗಿತು. ತಮ್ಮನ ಕಾಲು ಮುರಿಯಿತು, ಗೆಳೆಯ ಉಳಿಯಲಿಲ್ಲ. ತಪ್ಪು ಲಾರಿಯವನದೆಂದು ನ್ಯಾಯಾಲಯ ತೀರ್ಪಿತ್ತಿತು. ಗೆಳೆಯನ ತಾಯಿತಂದೆಯರೂ ಇವನ ಮೇಲೆ ಒಂದು ಕಟು ಮಾತು ಆಡಲಿಲ್ಲ. ಆದರೆ ಇವನ ಒಳಗಿನ ನ್ಯಾಯಾಲಯದಲ್ಲಿ ಆ ಮೊಕದ್ದಮೆ ಮುಗಿಯಲೇ ಇಲ್ಲ. ‘ಆಗುಂಬೆಗೆ ಹೋಗೋಣ ಎಂದವನು ನಾನು’ ಎಂಬ ಒಂದೇ ಸಾಕ್ಷ್ಯದ ಮೇಲೆ ಅವನು ದಿನವೂ ತನಗೆ ಶಿಕ್ಷೆ ವಿಧಿಸಿಕೊಳ್ಳುತ್ತ ಬಂದ.

ಮೂಳೆ ಕೂಡಿಕೊಂಡಿತು. ಉಳಿದದ್ದು ಕೂಡಿಕೊಳ್ಳಲಿಲ್ಲ. ಲಾರಿಯ ಹಾರನ್ ಕೇಳಿದರೆ ಮೈ ಬೆವರುತ್ತಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಹಾಲು ಮಾರುವವರಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರೂ ಸೈಕಲ್ ತುಳಿಯುವ ಆ ದೇಶದಲ್ಲಿ ಇವನೊಬ್ಬ ಎಲ್ಲಿಗೂ ನಡೆದೇ ಹೋಗುತ್ತಿದ್ದ. ನಮ್ಮ ಅಮ್ಮ ಅದನ್ನು ಆರೋಗ್ಯದ ಅಭ್ಯಾಸವೆಂದು ತಿಳಿದು ನೆರೆಯವರೊಡನೆ ಹೊಗಳುತ್ತಿದ್ದಳು.

ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಫೋನಿನಲ್ಲಿ ಅವನು ಕೇಳಿದ:

“ಅಣ್ಣಾ, ಇಲ್ಲಿ ಒಂದು ಶಿಬಿರ ನಡೆಸ್ತಾರೆ. ಮೂರು ದಿನ. ಒಂದು ಥರದ ಅಣಬೆಯ ಗೆಡ್ಡೆ ಕೊಡ್ತಾರಂತೆ. ಅದನ್ನು ತಿಂದರೆ ಒಳಗೆ ಹೂತುಹೋಗಿರೋದೆಲ್ಲ ಹೊರಗೆ ಬರುತ್ತಂತೆ. ಆಫೀಸಿನಲ್ಲಿ ಒಬ್ಬರು ಹೋಗಿಬಂದು ಹೊಸ ಮನುಷ್ಯ ಆಗಿದ್ದಾರೆ. ನಾನೂ ಹೋಗಲಾ?”

ನಾನು ಕನ್ನಡದ ಎಂ.ಎ.; ವೈದ್ಯನಲ್ಲ. ‘ಹೋಗಬೇಡ’ ಎಂದು ಒಂದೇ ಮಾತಿಗೆ ತಳ್ಳಿಹಾಕಬಹುದಾಗಿತ್ತು. ಆದರೆ ಹನ್ನೊಂದು ವರ್ಷಗಳಲ್ಲಿ ತನ್ನ ನೋವಿನ ವಿಷಯವಾಗಿ ಅವನು ಬಾಯಿಬಿಟ್ಟದ್ದು ಅದೇ ಮೊದಲ ಸಲ. ಬಾಯಿಬಿಟ್ಟವನ ಮುಂದೆ ಬಾಗಿಲು ಮುಚ್ಚಲು ಮನಸ್ಸಾಗಲಿಲ್ಲ. “ಒಂದು ತಿಂಗಳು ಸಮಯ ಕೊಡು, ಓದಿ ಹೇಳುತ್ತೇನೆ” ಎಂದೆ. ಅಧ್ಯಾಪಕನಿಗೆ ತಿಳಿದಿರುವ ಪರಿಹಾರ ಅದೊಂದೇ ತಾನೆ!

ಓದಿದ್ದರಲ್ಲಿ ವಾಚಕರಿಗೆ ಬೇಕಾಗುವಷ್ಟನ್ನು ಇಲ್ಲಿ ಹೇಳುತ್ತೇನೆ.

ಈ ವರ್ಗದ ವಸ್ತುಗಳಿಗೆ ‘ಸೈಕೆಡೆಲಿಕ್’ ಎಂದು ಹೆಸರಿಟ್ಟವರು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು, 1956ರಲ್ಲಿ, ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿಯೊಡನೆ ನಡೆಸಿದ ಪತ್ರವ್ಯವಹಾರದಲ್ಲಿ. ಗ್ರೀಕ್ ಮೂಲದ ಆ ಪದಕ್ಕೆ ‘ಮನಸ್ಸನ್ನು ಪ್ರಕಟಗೊಳಿಸುವುದು’ ಎಂದರ್ಥ. ನಾನು ಅದನ್ನು ‘ಚಿತ್ತಪ್ರಕಾಶಕ’ ಎಂದು ಕನ್ನಡಿಸಿ ತಮ್ಮನಿಗೆ ಹೇಳಿದಾಗ, “ಯಾವುದೋ ಪ್ರಕಾಶನ ಸಂಸ್ಥೆಯ ಹೆಸರಿನಂತಿದೆ” ಎಂದು ಅವನು ನಕ್ಕ. ಬಹಳ ದಿನಗಳ ಮೇಲೆ ಕೇಳಿದ ನಗು ಅದು. ಹೆಸರು ಹೇಗಾದರೂ ಇರಲಿ, ಕಥೆ ಆರಂಭವಾಗುವುದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ. ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ, ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಶಿಲೀಂಧ್ರದ ಸತ್ತ್ವದಿಂದ 1938ರಲ್ಲಿ ಎಲ್‌ಎಸ್‌ಡಿ ಎಂಬ ವಸ್ತುವನ್ನು ತಯಾರಿಸಿದ. ಅದರ ಗುಣ ಏನೆಂದು ತಿಳಿಯಲು ಐದು ವರ್ಷ ಬೇಕಾಯಿತು. 1943ರ ಏಪ್ರಿಲ್ 19ರಂದು ಅವನು ಒಂದು ಮಿಲಿಗ್ರಾಮಿನ ನಾಲ್ಕನೆಯ ಒಂದು ಭಾಗದಷ್ಟನ್ನು ತಾನೇ ಸೇವಿಸಿ, ಸಹಾಯಕಿಯೊಡನೆ ಸೈಕಲ್ ಏರಿ ಮನೆಗೆ ಹೊರಟ. ದಾರಿಯೆಲ್ಲ ಬಾಗಿ ಬಳುಕುವಂತೆ ಕಂಡಿತು. ಮನೆ ಸೇರಿದ ಮೇಲೆ ತನಗೆ ಹುಚ್ಚು ಹಿಡಿಯಿತೆಂದು ಹೆದರಿದ. ಭಯ ಇಳಿದ ಮೇಲೆ ಬಣ್ಣಗಳ ಲೋಕವೊಂದನ್ನು ಕಂಡ. ಭಯ ಮತ್ತು ಬೆರಗು ಎರಡೂ ಈ ವಸ್ತುಗಳ ಸ್ವಭಾವದಲ್ಲೇ ಇವೆ ಎಂಬುದು ಆ ಮೊದಲನೆಯ ದಿನವೇ ಸ್ಪಷ್ಟವಾಗಿತ್ತು. ಮೆಕ್ಸಿಕೋ ದೇಶದ ಅಣಬೆಗಳಿಂದ ಸೈಲೋಸಿಬಿನ್ ಎಂಬ ಸತ್ತ್ವವನ್ನು 1958ರಲ್ಲಿ ಬೇರ್ಪಡಿಸಿದವನೂ ಇದೇ ಹಾಫ್‌ಮನ್. ತಮ್ಮ ಹೇಳಿದ ಗೆಡ್ಡೆಯಲ್ಲಿರುವುದು ಆ ಸತ್ತ್ವವೇ. ನೆದರ್‌ಲೆಂಡ್ಸಿನಲ್ಲಿ 2008ರಲ್ಲಿ ಅಣಬೆಯ ಮಾರಾಟವನ್ನು ನಿಷೇಧಿಸಿದಾಗ, ನೆಲದೊಳಗೆ ಬೆಳೆಯುವ ಈ ಗೆಡ್ಡೆ ಕಾನೂನಿನ ಪಟ್ಟಿಯಿಂದ ಹೊರಗೇ ಉಳಿಯಿತು.

ಆ ಕಾಲದ ವೈದ್ಯರು ಇವುಗಳಿಂದ ಚಿಕಿತ್ಸೆಗೂ ಕೈಹಾಕಿದ್ದರು. ಅಷ್ಟರಲ್ಲಿ ಅವು ಬೀದಿಗೆ ಬಂದವು; ಎಳೆಯರ ಕೈಗೆ ಸಿಕ್ಕವು. 1970ರಲ್ಲಿ ಅಮೆರಿಕದ ಕಾನೂನು, 1971ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆ ಅವುಗಳ ಮೇಲೆ ನಿರ್ಬಂಧ ಹೇರಿದವು. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಅವನ್ನು ಇಟ್ಟುಕೊಳ್ಳುವುದೂ ಅಪರಾಧ. ಸಂಶೋಧನೆ ಬಹುಕಾಲ ಮಲಗಿತ್ತು. ಈ ಶತಮಾನದಲ್ಲಿ ಮತ್ತೆ ಎದ್ದಿದೆ.

ಆಘಾತದಿಂದ ನರಳುವವರ ಮೇಲೆ ಹೆಚ್ಚಾಗಿ ಪರೀಕ್ಷಿಸಿದ್ದು ಎಂಡಿಎಂಎ ಎಂಬ ವಸ್ತುವನ್ನು. ಶಾಸ್ತ್ರೀಯವಾಗಿ ನೋಡಿದರೆ ಇದು ಎಲ್‌ಎಸ್‌ಡಿಯ ಜಾತಿಗೆ ಸೇರಿದ್ದಲ್ಲ, ಸೋದರಸಂಬಂಧಿ ಎನ್ನಬಹುದು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೊಂಬತ್ತು ಜನ ಇದ್ದರು. ಔಷಧಿ ಪಡೆದು ಚಿಕಿತ್ಸೆ ಮುಗಿಸಿದವರಲ್ಲಿ ಶೇಕಡಾ 67 ಮಂದಿಗೆ ‘ಆಘಾತೋತ್ತರ ವ್ಯಾಧಿ’ ಎಂಬ ಹಣೆಪಟ್ಟಿಯೇ ಬೇಡವಾಯಿತು. ಪತ್ರಿಕೆಗಳು ಈ ಅಂಕಿಯನ್ನು ದಪ್ಪಕ್ಷರಗಳಲ್ಲಿ ಅಚ್ಚುಮಾಡಿದವು. ನನ್ನ ಕಣ್ಣು ನಿಂತದ್ದು ಪಕ್ಕದ ಅಂಕಿಯ ಮೇಲೆ. ಹುಸಿ ಮಾತ್ರೆ ಪಡೆದವರಲ್ಲಿಯೂ ಶೇಕಡಾ 32 ಮಂದಿ ಹಾಗೆಯೇ ಚೇತರಿಸಿಕೊಂಡಿದ್ದರು! 2023ರ ಎರಡನೆಯ ಪರೀಕ್ಷೆಯಲ್ಲಿ ಔಷಧಿಯವರು ಶೇಕಡಾ 71, ಹುಸಿ ಮಾತ್ರೆಯವರು ಸುಮಾರು 48. ಬರಿಯ ಹುಸಿ ಮಾತ್ರೆ ಇಷ್ಟು ಮಾಡೀತೆ? ಗುಟ್ಟು ಇಷ್ಟೆ: ಎರಡು ಗುಂಪಿಗೂ ಸಮಾನವಾಗಿ ದೊರೆತದ್ದು ಮಾತಿನ ಚಿಕಿತ್ಸೆ. ಔಷಧಿಯ ದಿನಗಳು ಮೂರೇ. ಅದಕ್ಕೆ ಮೊದಲು ಸಿದ್ಧತೆಯ ಭೇಟಿಗಳು ಮೂರು. ಅನಂತರ ಕಂಡದ್ದನ್ನು ಬದುಕಿಗೆ ಹೊಂದಿಸಿಕೊಳ್ಳುವ ಭೇಟಿಗಳು ಒಂಬತ್ತು, ಒಂದೊಂದೂ ಒಂದೂವರೆ ಗಂಟೆ. ಆ ಕೋಣೆಯಲ್ಲಿ ತಾಳ್ಮೆಯಿಂದ ಕಿವಿಗೊಡುವವರು ಇಬ್ಬರಿದ್ದರು. ಬಾಗಿಲು ತೆರೆಯಲು ಔಷಧಿ ನೆರವಾಗಿರಬಹುದು. ಒಳಗೆ ಹೋಗಿ ಕಸ ಗುಡಿಸಿದ ಕೈ ಬೇರೆ.

ಇದರ ಮೇಲೆ ಬಂದ ತೀರ್ಮಾನಗಳೂ ಒಂದೇ ಬಗೆಯಾಗಿಲ್ಲ. 2023ರ ಜುಲೈಯಿಂದ ಆಸ್ಟ್ರೇಲಿಯದಲ್ಲಿ ಅನುಮತಿ ಪಡೆದ ಮನೋವೈದ್ಯರು ಇವನ್ನು ಕೆಲವೇ ವ್ಯಾಧಿಗಳಿಗೆ ಕೊಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಾತ್ರ 2024ರ ಆಗಸ್ಟಿನಲ್ಲಿ ಎಂಡಿಎಂಎಗೆ ಒಪ್ಪಿಗೆ ನಿರಾಕರಿಸಿ, ಇನ್ನೊಂದು ಪರೀಕ್ಷೆ ನಡೆಸಿರೆಂದಿತು. ಇಂಥ ಔಷಧಿಯ ಪರೀಕ್ಷೆಯಲ್ಲಿ ತನಗೆ ಸಿಕ್ಕಿದ್ದು ನಿಜವೋ ಹುಸಿಯೋ ಎಂಬುದನ್ನು ರೋಗಿ ಊಹಿಸಿಬಿಡುತ್ತಾನೆ ಎಂಬುದು ಪರಿಣತರು ಎತ್ತಿದ ಆಕ್ಷೇಪಗಳಲ್ಲಿ ಒಂದು.

ಅಂಕಿಅಂಶಗಳಿಂದ ತೃಪ್ತಿಯಾಗದೆ, ಸಾಹಿತ್ಯದವನಾದ ನಾನು ಸಾಹಿತ್ಯದ ಕಡೆಗೇ ತಿರುಗಿದೆ. ಅಲ್ಲಿ ನನಗೆ ದೊರೆತವರು ಯೆಹಿಯೆಲ್ ಡಿನೂರ್. ಪೋಲೆಂಡಿನಲ್ಲಿ ಹುಟ್ಟಿದ ಈ ಯೆಹೂದಿ ಲೇಖಕರು ಆಷ್‌ವಿಟ್ಸಿನ ಮರಣಶಿಬಿರದಿಂದ ಬದುಕಿ ಬಂದವರು. ಬಂದ ಮೇಲೆ ತಮ್ಮ ಹೆಸರನ್ನೇ ತ್ಯಜಿಸಿ, ‘ಕಾ-ಟ್ಸೆಟ್ನಿಕ್ 135633’ ಎಂಬ ಹೆಸರಿನಲ್ಲಿ ಬರೆದರು. ಶಿಬಿರದ ಕೈದಿ ಎಂದು ಆ ಪದದ ಅರ್ಥ, ಅಂಕಿ ತೋಳಿನ ಮೇಲೆ ಚುಚ್ಚಿದ್ದ ಸಂಖ್ಯೆ. 1961ರಲ್ಲಿ ಜೆರುಸಲೇಮಿನಲ್ಲಿ ನಡೆದ ಐಖ್‌ಮನ್ ವಿಚಾರಣೆಗೆ ಸಾಕ್ಷಿಯಾಗಿ ಬಂದು, ಆಷ್‌ವಿಟ್ಸ್ ಈ ಭೂಮಿಯದಲ್ಲದ ಬೇರೆ ಗ್ರಹವೆಂಬಂತೆ ಮಾತನಾಡುತ್ತ, ಸಾಕ್ಷಿಕಟ್ಟೆಯಲ್ಲೇ ಪ್ರಜ್ಞೆತಪ್ಪಿ ಬಿದ್ದರು. ಮೂರು ದಶಕಗಳ ಕಾಲ ದುಃಸ್ವಪ್ನಗಳು ಅವರನ್ನು ಬಿಡಲಿಲ್ಲ. ಕಡೆಗೆ ಹೆಂಡತಿಯ ಒತ್ತಾಯಕ್ಕೆ ಮಣಿದು 1976ರಲ್ಲಿ ನೆದರ್‌ಲೆಂಡ್ಸಿನ ಲೈಡನ್ ನಗರಕ್ಕೆ ಹೋದರು. ಅಲ್ಲಿ ಯಾನ್ ಬಾಸ್ಟಿಯಾನ್ಸ್ ಎಂಬ ಮನೋವೈದ್ಯರು ಯುದ್ಧಕಾಲದ ಶಿಬಿರಗಳಿಂದ ಉಳಿದುಬಂದವರಿಗೆ ಎಲ್‌ಎಸ್‌ಡಿಯ ನೆರವಿನಿಂದ ಚಿಕಿತ್ಸೆ ಕೊಡುತ್ತಿದ್ದರು. ಅವರ ಕ್ರಮವನ್ನು ಟೀಕಿಸಿದ ಸಹವೈದ್ಯರೂ ಇದ್ದರೆಂಬುದನ್ನು ಮರೆಯಬಾರದು.

ಆ ಚಿಕಿತ್ಸೆಯಲ್ಲಿ ಡಿನೂರ್ ಕಂಡದ್ದು ಬಣ್ಣಗಳ ಸ್ವರ್ಗವನ್ನಲ್ಲ. ತಮ್ಮನ್ನು ಸಾವಿಗೆ ಕಳುಹಿಸಲು ಬೆಳಗಿನ ಚಳಿಯಲ್ಲಿ ಆಕಳಿಸುತ್ತ ನಿಂತಿದ್ದ ನಾತ್ಸಿ ಕಾವಲುಗಾರನೊಬ್ಬನನ್ನು ಕಂಡರು. ಅವನ ಜಾಗದಲ್ಲಿ ತಾನೂ ತನ್ನ ಜಾಗದಲ್ಲಿ ಅವನೂ ಇರಬಹುದಾಗಿತ್ತು ಎಂಬ ಭಯಂಕರವಾದ ಅರಿವು ಹೊಳೆಯಿತು. ಆಷ್‌ವಿಟ್ಸ್ ಬೇರೆ ಗ್ರಹವಲ್ಲ, ಮನುಷ್ಯರು ಮಾಡಿದ್ದು ಎಂಬುದನ್ನು ಅವರು ಒಪ್ಪಿಕೊಳ್ಳಬೇಕಾಯಿತು. ಐದು ಸಲದ ಅನಂತರ ಇನ್ನು ಸಾಕೆಂದು ಊರಿಗೆ ಮರಳಿದರು. ಆದರೆ ಚಿಕಿತ್ಸೆ ಮುಗಿದದ್ದು ಅಂದಲ್ಲ. ಹತ್ತು ವರ್ಷಗಳ ಮೇಲೆ ಅವರು ಲೇಖನಿ ಹಿಡಿದು ಆ ದರ್ಶನಗಳನ್ನೆಲ್ಲ ‘ಶಿವಿತ್ತಿ’ ಎಂಬ ಪುಸ್ತಕವಾಗಿ ಬರೆದರು. ಅಲ್ಲಿಯತನಕ ತಮ್ಮ ಕಥೆಯನ್ನು ಬೇರೊಂದು ಪಾತ್ರದ ಹೆಸರಿನಲ್ಲಿ, ‘ಅವನು’ ಎಂದೇ ಬರೆಯುತ್ತಿದ್ದವರು ಈ ಪುಸ್ತಕದಲ್ಲಿ ‘ನಾನು’ ಎಂದರು. ವ್ಯಾಕರಣದ ಪಾಠದಲ್ಲಿ ಪ್ರಥಮ ಪುರುಷ, ಉತ್ತಮ ಪುರುಷ ಎಂದು ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಅವೆರಡರ ನಡುವಿನ ಹಾದಿ ಒಬ್ಬ ಮನುಷ್ಯನಿಗೆ ನಲವತ್ತು ವರ್ಷ ಹಿಡಿಯಬಲ್ಲುದೆಂಬುದನ್ನು ಈ ಪುಸ್ತಕದಿಂದ ಅರಿತೆ.

ನೋವಿಗೂ ಸೃಷ್ಟಿಶೀಲ ಕೆಲಸಕ್ಕೂ ಇರುವ ನಂಟು ಹೊಸದಲ್ಲ. ಮೆಕ್ಸಿಕೋದ ಹುವಾಟ್ಲ ಎಂಬ ಬೆಟ್ಟದ ಊರಿನಲ್ಲಿ ಮರಿಯಾ ಸಬೀನ ಎಂಬ ಮುದುಕಿ ರೋಗಿಗಳಿಗಾಗಿ ಅಣಬೆಯ ರಾತ್ರಿಪೂಜೆ ನಡೆಸುತ್ತಿದ್ದಳು. ಅವಳ ಪದ್ಧತಿಯಲ್ಲಿ ಅಣಬೆ ಎಂದೂ ಒಂಟಿಯಾಗಿ ಬರಲಿಲ್ಲ. ಇರುಳೆಲ್ಲ ಅವಳು ಹಾಡುತ್ತಿದ್ದಳು. 1957ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕದವರು ಪತ್ರಿಕೆಯಲ್ಲಿ ಈ ವಿಷಯವನ್ನು ಬರೆದ ಮೇಲೆ ದೂರದೂರದ ಜನ ಅಣಬೆಗಾಗಿ ಆ ಊರಿಗೆ ಮುಗಿಬಿದ್ದರು. ಹಾಡು ಯಾರಿಗೂ ಬೇಕಾಗಿರಲಿಲ್ಲ. ಊರಿನ ಶಾಂತಿ ಕೆಟ್ಟು, ಕೊನೆಗೆ ಅವಳ ಮನೆಗೇ ಬೆಂಕಿ ಬಿತ್ತು. ಎಲ್‌ಎಸ್‌ಡಿಯಿಂದ ಚಿಕಿತ್ಸೆ ನಡೆಸಿದ್ದ ಸ್ಟಾನಿಸ್ಲಾವ್ ಗ್ರೋಫ್ ಎಂಬ ಮನೋವೈದ್ಯರು, ಆ ವಸ್ತು ನಿಷಿದ್ಧವಾದ ಅನಂತರ ಔಷಧಿಯಿಲ್ಲದೆ ಉಸಿರಾಟದ ಕ್ರಮವೊಂದನ್ನು ರೂಪಿಸಿದರು. ಅದು ಮುಗಿದೊಡನೆ ಪ್ರತಿಯೊಬ್ಬರ ಮುಂದೆ ಬಿಳಿಯ ಹಾಳೆ, ಬಣ್ಣ ಇಟ್ಟು ಮಂಡಲವೊಂದನ್ನು ಬರೆಯಿಸುತ್ತಿದ್ದರು. ಕಂಡದ್ದನ್ನು ಕೈಯಿಂದ ಹೊರಗೆ ತರದಿದ್ದರೆ ಅದು ಕನಸಿನಂತೆ ಕರಗಿಹೋಗುತ್ತದೆ, ಇಲ್ಲವೆ ಮುಳ್ಳಿನಂತೆ ಒಳಗೇ ಉಳಿಯುತ್ತದೆ.

ಮಂಡಲವೆಂದೊಡನೆ ನನಗೆ ನೆನಪಾದದ್ದು ನಮ್ಮ ಅಂಗಳ. ತಮ್ಮ ಆಸ್ಪತ್ರೆಯಲ್ಲಿದ್ದ ಆ ತಿಂಗಳುಗಳಲ್ಲಿ ಅಮ್ಮ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಬೆಳಗಿನ ರಂಗೋಲಿಯನ್ನು ಮಾತ್ರ ಬಿಡಲಿಲ್ಲ. ಹದಿನೈದು ಚುಕ್ಕಿಯದು, ಹತ್ತೊಂಬತ್ತು ಚುಕ್ಕಿಯದು, ದಿನದಿಂದ ದಿನಕ್ಕೆ ದೊಡ್ಡದಾಗುತ್ತ ಹೋಯಿತು. ಚುಕ್ಕಿಗಳ ಸುತ್ತ ಎಳೆ ಎಳೆದು ಆರಂಭದ ಚುಕ್ಕಿಗೇ ತಂದು ಮುಟ್ಟಿಸಿದ ಮೇಲೆ ಅವಳ ಮುಖದಲ್ಲಿ ಒಂದು ಗಳಿಗೆಯ ನೆಮ್ಮದಿ ಮೂಡುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ, ಅತ್ತೆಮನೆಯ, ಸತ್ತ ಕೂಸಿನ ದುಃಖವನ್ನೆಲ್ಲ ತ್ರಿಪದಿಗಳಾಗಿ ಹಾಡಿಕೊಂಡ ನಮ್ಮ ಗರತಿಯರಿಗೆ ಯಾವ ಮನಶ್ಶಾಸ್ತ್ರಜ್ಞ ಕಲಿಸಿಕೊಟ್ಟಿದ್ದ? ಮಗುವಿನ ಸಾವಿನ ಮುಂದೆ ನಿಂತ ಬೇಂದ್ರೆಯವರ ಕವಿತೆಯನ್ನು ತರಗತಿಯಲ್ಲಿ ಓದುವಾಗ ಇಂದಿಗೂ ನನ್ನ ದನಿ ಕಟ್ಟುತ್ತದೆ. ದುಃಖಕ್ಕೆ ಲಯ ದೊರೆತಾಗ ಅದು ಕಡಿಮೆಯಾಗದಿದ್ದರೂ ಹೊರಲು ಹದವಾಗುತ್ತದೆ.

ಇದನ್ನು ವಿಜ್ಞಾನದ ರೀತಿಯಲ್ಲಿ ಅಳೆದು ನೋಡಿದವರು ಜೇಮ್ಸ್ ಪೆನ್ನಿಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು. 1986ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದರು. ಕೆಲವರಿಗೆ ಕೊಟ್ಟದ್ದು ಕ್ಷುಲ್ಲಕ ವಿಷಯ. ಕೆಲವರಿಗೆ ಬದುಕಿನ ಅತ್ಯಂತ ನೋವಿನ ಪ್ರಸಂಗ. ನೋವನ್ನು ಬರೆದವರು ಆ ಹೊತ್ತಿಗೆ ಇನ್ನಷ್ಟು ಕುಗ್ಗಿದರು. ಆದರೆ ಘಟನೆ ಮತ್ತು ಭಾವ ಎರಡನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಉಳಿದವರಿಗಿಂತ ಕಡಿಮೆ.

ಇನ್ನು ದಯೆಯ ವಿಷಯ. ಹೆಸರಿಲ್ಲದ ಆ ಗುಣವನ್ನು ಅಳೆಯಲು ಮಾಪಕವೊಂದನ್ನು 2003ರಲ್ಲಿ ರೂಪಿಸಿದವರು ಕ್ರಿಸ್ಟಿನ್ ನೆಫ್, ಟೆಕ್ಸಾಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಿಕೆ. ಇವರು ಸಂಶೋಧನೆಯ ಆರಂಭದ ದಿನಗಳಲ್ಲಿ ನಮ್ಮ ಮೈಸೂರಿಗೇ ಬಂದು, ದಾಂಪತ್ಯದಲ್ಲಿ ಸ್ವಾತಂತ್ರ್ಯವೆಷ್ಟು ಕರ್ತವ್ಯವೆಷ್ಟು ಎಂಬುದನ್ನು ಕುರಿತು ಅಲ್ಲಿಯ ಎಳೆಯರನ್ನು ಮಾತನಾಡಿಸಿದವರೆಂದು ತಿಳಿದಾಗ ನನಗೆ ಏನೋ ನೆಂಟಸ್ತಿಕೆ ಕಂಡಂತಾಯಿತು. ಅವರ ಮಾತಿನಲ್ಲಿ ಈ ಗುಣಕ್ಕೆ ಮೂರು ಅಂಗಗಳು: ನೋವನ್ನು ಹಿಗ್ಗಿಸದೆ, ಕುಗ್ಗಿಸದೆ ಇದ್ದಂತೆ ಕಾಣುವುದು, ಇಂಥ ನೋವು ನನಗೊಬ್ಬನಿಗೇ ಅಲ್ಲ, ಮನುಷ್ಯನಾಗಿ ಹುಟ್ಟಿದವರಿಗೆಲ್ಲ ಉಂಟೆಂದು ತಿಳಿಯುವುದು, ಗೆಳೆಯನಿಗೆ ಆಡುವ ಮಾತನ್ನೇ ತನಗೂ ಆಡಿಕೊಳ್ಳುವುದು. ಅಳುಮುಂಜಿತನಕ್ಕೂ ಇದಕ್ಕೂ ಇರುವ ಅಂತರ ಆ ಎರಡನೆಯ ಅಂಗದಲ್ಲಿದೆ. ಅಳುಮುಂಜಿ ತಾನೊಬ್ಬನೇ ನೊಂದವನೆಂದು ಕೂರುತ್ತಾನೆ. ದಯೆಯುಳ್ಳವನು ನೊಂದವರ ಸಾಲಿನಲ್ಲಿ ತನ್ನನ್ನೂ ಒಬ್ಬನೆಂದು ಎಣಿಸುತ್ತಾನೆ.

ಹೇಳಿದಂತೆ ಒಂದು ತಿಂಗಳಿಗೆ ತಮ್ಮನಿಗೆ ಫೋನು ಮಾಡಿದೆ. ಓದಿದ್ದನ್ನೆಲ್ಲ ಹೇಳಿ, ಕೊನೆಯಲ್ಲಿ ಒಂದು ಮಾತು ಕೇಳಿದೆ: “ಚಿಕ್ಕಪ್ಪನ ವಿಷಯ ಆ ಶಿಬಿರದವರಿಗೆ ತಿಳಿಸಿದೆಯಾ?”

ನಮ್ಮ ತಂದೆಯ ತಮ್ಮನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಚಿತ್ತವಿಕಾರ ಕಾಣಿಸಿಕೊಂಡಿತ್ತು. ಯಾರೂ ಇಲ್ಲದ ಕಡೆ ದನಿಗಳು ಕೇಳಿಸುತ್ತಿದ್ದವು. ಮನೆಯಲ್ಲಿ ಆ ಮಾತನ್ನು ಎತ್ತುವ ವಾಡಿಕೆಯಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೆಯೇ. ಆದರೆ ಈ ವಸ್ತುಗಳ ಪರೀಕ್ಷೆಗಳಲ್ಲಿ, ರಕ್ತಸಂಬಂಧದಲ್ಲಿ ಅಂಥ ವ್ಯಾಧಿಯುಳ್ಳವರನ್ನು ವೈದ್ಯರು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮಲಗಿರುವ ವ್ಯಾಧಿ ಎದ್ದೀತೆಂಬ ಭಯ ಅವರಿಗೆ. ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಫಾರಂನಲ್ಲಿ ಕೇಳಿದ್ರು. ಇನ್ನೂ ಬರೆದಿಲ್ಲ” ಎಂದ. “ಬರಿ” ಎಂದೆ. ಅಷ್ಟೇ ಹೇಳಿದ್ದು. ನಿರ್ಧಾರ ಅವನದಾಗಬೇಕಿತ್ತು.

ಅವನು ನಿಜವನ್ನೇ ಬರೆದ. ಶಿಬಿರದವರು ಸೌಜನ್ಯದಿಂದಲೇ ಇಲ್ಲವೆಂದರು. ಆ ದಿನ ಅವನು ಆಡಿದ ಮಾತು ನನಗೆ ಮರೆಯದು: “ನನಗೆ ಆ ಬಾಗಿಲೂ ಮುಚ್ಚಿತಲ್ಲ ಅಣ್ಣಾ.”

ಬಾಗಿಲು ಮುಚ್ಚಿದ್ದು ಹೌದು. ಆದರೆ ಅದರ ಹಿಂದುಮುಂದಿನ ಅಂಗಳವನ್ನು ಯಾರೂ ಮುಚ್ಚಿರಲಿಲ್ಲ. ಅಣಬೆಯ ಶಿಬಿರಕ್ಕೆ ಹೋಗುವವರು ಮುಂಚೆ ಮಾಡಬೇಕಾದದ್ದು, ಬಂದ ಮೇಲೆ ಮಾಡಬೇಕಾದದ್ದು ಎಂದು ಆ ಜನ ಒಂದು ಪಟ್ಟಿ ಕಳಿಸಿದ್ದರು. ದಿನಚರಿ ಬರೆಯುವುದು, ಚಿತ್ರ ಬಿಡಿಸುವುದು, ತನಗೆ ತಾನೇ ಪತ್ರ ಬರೆಯುವುದು, ಎದೆಯ ಮೇಲೆ ಕೈಯಿಟ್ಟು ಸಾವಕಾಶವಾಗಿ ಉಸಿರಾಡುವುದು. ಅವುಗಳಲ್ಲಿ ಒಂದಕ್ಕಾದರೂ ಅಣಬೆ ಬೇಕಾಗಿರಲಿಲ್ಲ! ನನ್ನ ಸಲಹೆಯಂತೆ ಅವನು ಮೊದಲು ತನ್ನ ಊರಿನ ವೈದ್ಯರ ಬಳಿಗೆ ಹೋದ. ಅವರು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳುಹಿಸಿದರು. ನೋವಿನ ಪ್ರಸಂಗವನ್ನು ನೆನೆಯುತ್ತಲೇ, ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಚಲಿಸುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುವ ಇಎಂಡಿಆರ್ ಎಂಬ ಚಿಕಿತ್ಸೆ ಆರಂಭವಾಯಿತು. ಆಘಾತಕ್ಕೆ ಇದು ತಕ್ಕ ಚಿಕಿತ್ಸೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿಯೇ ಹೇಳಿದೆ. ಕೇಳಲು ಮಂತ್ರವಾದಿಯ ಕೆಲಸದಂತೆ ಕಂಡರೂ ಅದರಿಂದ ಅವನಿಗೆ ಗುಣ ಕಂಡಿತು.

ಜೊತೆಗೆ ಬರೆಯುವ ಕೆಲಸವೂ ನಡೆಯಿತು. ಆ ತಾಯಿಯಂಥ ಚಿಕಿತ್ಸಕಿ ಅವನಿಗೆ ಒಂದು ಪಾಠ ಕೊಟ್ಟರು: “ಬೈಕು ಓಡಿಸುತ್ತಿದ್ದವನು ನಿನ್ನ ಗೆಳೆಯ, ಹಿಂದೆ ಕುಳಿತು ಸತ್ತವನು ನೀನು ಎಂದುಕೋ. ಬದುಕಿ ಉಳಿದ ಗೆಳೆಯನಿಗೆ ನೀನು ಒಂದು ಪತ್ರ ಬರಿ.” ಬಹಳ ದಿನ ಹಾಳೆ ಬಿಳಿಯಾಗಿಯೇ ಉಳಿಯಿತಂತೆ. ಡಚ್ಚರ ನಾಡಿನಲ್ಲಿ ಇಂಗ್ಲಿಷಿನಲ್ಲಿ ಯೋಚಿಸಿ ಬರೆಯಹೊರಟವನಿಗೆ ಮಾತೇ ಹುಟ್ಟಲಿಲ್ಲ. ಒಂದು ರಾತ್ರಿ ‘ಲೋ’ ಎಂದು ಕನ್ನಡದಲ್ಲಿ ಆರಂಭಿಸಿದನಂತೆ. ನಾಲ್ಕು ಪುಟ ಹರಿಯಿತು. ಆ ಪತ್ರವನ್ನು ನಾನು ಓದಿಲ್ಲ, ಓದಬೇಕಾದ್ದೂ ಇಲ್ಲ. ಅದರಲ್ಲಿ ಗೆಳೆಯ ತನಗೆ ಬೈದೇ ಇಲ್ಲವೆಂದು ಮಾತ್ರ ಅವನು ಹೇಳಿದ. ಇತ್ತೀಚೆಗೆ ಹಳೆಯ ಸೈಕಲ್ ಒಂದನ್ನು ಕೊಂಡಿದ್ದಾನೆ. ಕಾಲುವೆಯ ಪಕ್ಕದ ದಾರಿಯಲ್ಲಿ, ವಾಹನಗಳಿಲ್ಲದ ಕಡೆ, ಮೆಲ್ಲಗೆ. ನಿದ್ರೆ ಈಗಲೂ ಕೆಲವು ರಾತ್ರಿ ಕೈಕೊಡುತ್ತದೆ. ಎಲ್ಲ ಸರಿಹೋಯಿತೆಂದು ನಾನು ಬರೆದರೆ ಸುಳ್ಳಾದೀತು.

ವಾಚಕರಲ್ಲಿ ಇಂಥ ಪೆಟ್ಟು ತಿಂದವರು ಇದ್ದೇ ಇರುತ್ತಾರೆ. ಎಲ್ಲೋ ಕೇಳಿದ್ದನ್ನು ನಂಬಿ, ಯಾರೋ ಗುಟ್ಟಾಗಿ ಕೊಟ್ಟ ಪೊಟ್ಟಣಕ್ಕೆ ಕೈಚಾಚಬೇಡಿ. ಅದರೊಳಗೆ ಏನಿದೆಯೋ ಬಲ್ಲವರಿಲ್ಲ, ಕಾನೂನೂ ಬಿಡುವುದಿಲ್ಲ. ಬರವಣಿಗೆಯೂ ನಿರಪಾಯವೆಂದು ತಿಳಿಯಬೇಡಿ. ಬರೆಯುತ್ತ ಬರೆಯುತ್ತ ಭಯ ಏರಿದರೆ ಪೆನ್ನು ಕೆಳಗಿಟ್ಟು, ನಿಮ್ಮವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮೇಲ್ವಿಚಾರಣೆಯಿರುವ ‘ಟೆಲಿ ಮನಸ್’ ಸೇವೆಗೆ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಕೇಳುವವರಿದ್ದಾರೆ. ಹಲ್ಲುನೋವಿಗೆ ಡಾಕ್ಟರನ್ನು ಕಾಣಲು ನಾಚದ ನಾವು ಇದಕ್ಕೆ ಏಕೆ ನಾಚಬೇಕು?

ಕಳೆದ ದೀಪಾವಳಿಗೆ ತಮ್ಮ ಊರಿಗೆ ಬಂದಿದ್ದ. ಮೂರನೆಯ ದಿನ, “ಅವರ ಮನೆಗೆ ಹೋಗಿಬರೋಣ, ನೀನೂ ಬಾ ಅಣ್ಣಾ” ಎಂದ. ಅಷ್ಟು ವರ್ಷಗಳಲ್ಲಿ ಅವನು ಆ ಬೀದಿಗೇ ಕಾಲಿಟ್ಟಿರಲಿಲ್ಲ. ಪತ್ರ ಚೀಲದಲ್ಲಿತ್ತು, ಓದಿ ಹೇಳಬೇಕೆಂದಿದ್ದನೋ ಏನೋ. ಗೆಳೆಯನ ತಾಯಿ ಬಾಗಿಲು ತೆರೆದು ಅವನನ್ನು ಗುರುತಿಸಲು ಒಂದು ಗಳಿಗೆ ಹಿಡಿಯಿತು. ಅನಂತರ ಕೈಹಿಡಿದು ಒಳಗೆ ಕರೆದೊಯ್ದರು. ಚೀಲ ತೆರೆಯುವ ಸಂದರ್ಭವೇ ಬರಲಿಲ್ಲ. ಹೋಳಿಗೆ ಬಡಿಸಿದರು, ಬೇಡವೆಂದರೆ ಕೇಳಲಿಲ್ಲ. ಪರದೇಶದ ಚಳಿಯನ್ನು ವಿಚಾರಿಸಿದರು, ಮದುವೆಯ ಮಾತೆತ್ತಿದರು. ನಾವು ಹೊರಟಾಗ ಮೆಟ್ಟಿಲಿನವರೆಗೆ ಬಂದು ಅವನ ತಲೆಯ ಮೇಲೆ ಕೈಯಿಟ್ಟು, “ನೀನು ಚೆನ್ನಾಗಿದ್ದೀಯ ಅಂತ ಗೊತ್ತಾಗದೆ ನನಗೂ ಇಷ್ಟು ವರ್ಷ ಸರಿಯಾಗಿ ನಿದ್ದೆ ಬಂದಿರಲಿಲ್ಲ ಕಣಪ್ಪ” ಎಂದರು. ತಮ್ಮ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಅತ್ತ. ಅವರೂ ಅವನ ಪಕ್ಕದಲ್ಲಿ ಕುಳಿತುಕೊಂಡರು.